ಹಿಂದಿನ ಸೀಟಿನಲ್ಲಿ ಮಾವ, ಡ್ಯಾಶ್‌ಬೋರ್ಡಿನಲ್ಲಿ ಚೀನಾ

ನಗು ಬರುವಂಥ ಘಟನೆಗಳು ನಗುವ ಹೊತ್ತು ನೋಡಿಕೊಂಡು ಬರುವುದಿಲ್ಲ. ನಮ್ಮ ಕಾರಿನಲ್ಲಂತೂ ಅವು ಎಲ್ಲರೂ ಮುಖ ಗಂಟು ಹಾಕಿಕೊಂಡು ಕೂತಿದ್ದ ದಿನಗಳಲ್ಲೇ ಒಂದರ ಹಿಂದೊಂದು ಆದವು. ನಾನು ಬರೆದು ಅಭ್ಯಾಸ ಇರುವವಳಲ್ಲ. ಆಫೀಸಿನಲ್ಲಿ ವೈಫೈ ಡಬ್ಬಿಗಳನ್ನು ಟೆಸ್ಟ್ ಮಾಡಿ, ಎಲ್ಲಿ ಕೆಟ್ಟಿದೆ, ಹೇಗೆ ಕೆಟ್ಟಿದೆ, ಕೆಡುವ ಮುಂಚೆ ಯಾವ ಬಟನ್ ಒತ್ತಿದ್ದೆ ಎಂದು ಬರೆಯುವುದು ನನ್ನ ಕೆಲಸ. ಅಲ್ಲಿ ಏನನ್ನೂ ಬಿಡುವ ಹಾಗಿಲ್ಲ. ಅದೇ ಚಾಳಿ ಇಲ್ಲೂ ಬಂದರೆ ಸಹಿಸಿಕೊಳ್ಳಿ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಗೊತ್ತಿಲ್ಲದೆ ನಕ್ಕರೆ ಆಮೇಲೆ ನಿಮಗೇ ಬೇಜಾರಾಗುತ್ತದೆ. ಇದೆಲ್ಲ ನಡೆದಾಗ ನನ್ನನ್ನು ತಮ್ಮ ಕಾರಿನಲ್ಲಿ ಆಫೀಸಿಗೆ ಕರೆದೊಯ್ಯುತ್ತಿದ್ದ ಚೀನಾದ ಸಹೋದ್ಯೋಗಿಯೊಬ್ಬರು ತಮ್ಮ ತಂಗಿಯ ಫೋನಿಗೆ ಕಾಯುತ್ತಿದ್ದರು. ಆ ತಂಗಿ ಚೀನಾದಲ್ಲಿದ್ದಳು. ಪ್ರತಿ ಸಂಜೆ ಫೋನ್ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟಿದ್ದಳು. ಯಾಕೆ ಎನ್ನುವುದು ಮುಂದೆ ಬರುತ್ತದೆ.

ಮೂರನೆಯವರು

ನಾವಿರುವುದು ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿ. ಆಫೀಸು ಮೌಂಟನ್ ವ್ಯೂನಲ್ಲಿ. ನಡುವೆ ಇರುವ ಫ್ರೀವೇಯಲ್ಲಿ ಬೆಳಿಗ್ಗೆ ಕಾರುಗಳು ಓಡುವುದಿಲ್ಲ, ನಿಂತಿರುತ್ತವೆ. ಆದರೆ ಎಡಗಡೆ ಒಂದು ಲೇನ್ ಇದೆ. ಕಾರಿನಲ್ಲಿ ಇಬ್ಬರಿದ್ದರೆ ಅದರಲ್ಲಿ ಹೋಗಬಹುದು, ಅದು ಸ್ವಲ್ಪ ಬೇಗ ಸಾಗುತ್ತದೆ. ಅದಕ್ಕೇ ಕಾರ್‌ಪೂಲ್. ಆ ಸಹೋದ್ಯೋಗಿಯ ಮನೆ ನಮ್ಮ ಪಕ್ಕದ ಬೀದಿಯಲ್ಲೇ ಇರುವುದು ಗೊತ್ತಾದ ಮೇಲೆ ನಾನು ಅವರ ಕಾರಿನಲ್ಲಿ ಹೋಗಲು ಶುರು ಮಾಡಿದೆ.

ನಮ್ಮ ಮಾವನವರು ಮಂಡ್ಯದವರು, ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಪೊಲೀಸ್ ಅಂದರೆ ಕಳ್ಳರನ್ನು ಹಿಡಿಯುವವರಲ್ಲ, ಗುಪ್ತವಾರ್ತೆ ವಿಭಾಗ. ಕಾವೇರಿ ನೀರಿಗಾಗಿ ಎಲ್ಲಾದರೂ ಸಭೆ ನಡೆದರೆ ಮಫ್ತಿಯಲ್ಲಿ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಯಾರು ಏನು ಮಾತಾಡಿದರು ಅಂತ ಮೇಲಿನವರಿಗೆ ತಿಳಿಸುವುದು ಅವರ ಕೆಲಸವಾಗಿತ್ತು. ಈಗ ನಮ್ಮ ಜೊತೆ ಇಲ್ಲೇ ಇದ್ದಾರೆ. ದಿನವಿಡೀ ಟಿವಿಯಲ್ಲಿ ಸುದ್ದಿ ನೋಡುತ್ತಾರೆ. ಸುದ್ದಿಯಲ್ಲಿ ದಿನವಿಡೀ ಚೀನಾ ಇರುತ್ತದೆ.

ಕಾರ್‌ಪೂಲಿನ ವಿಷಯ ಹೇಳಿದ ಕೂಡಲೇ "ಯಾವ ದೇಶದೋನು?" ಅಂದರು.

"ಚೀನಾ, ಮಾವ."

ಕಾಫಿ ಲೋಟ ಕೆಳಗಿಟ್ಟರು. "ಅವನ್ ಕೆಲ್ಸ ಏನು?"

"ನನ್ನದೇ. ವೈಫೈ ಡಬ್ಬಿ ಟೆಸ್ಟ್ ಮಾಡೋದು."

"ನೀನ್ ಮಾಡೋ ಕೆಲ್ಸವೇ ಅವ್ನೂ ಮಾಡ್ತಾನೆ. ನಮ್ ಪಕ್ಕದ್ ಬೀದಿಲೇ ಮನೆ ಮಾಡವ್ನೆ. ಈಗ ದಿನಾ ನಿನ್ನ ಅವನ್ ಕಾರಲ್ಲಿ ಕೂರಿಸ್ಕೊಂಡು ಬೇರೆ ಹೋಗ್ತಾನೆ. ಇಷ್ಟೊಂದು ಎಲ್ಲಾದ್ರೂ ಕೂಡಿ ಬತ್ತದಾ?"

"ಒಂದೇ ಕಂಪನಿ ಅಲ್ವಾ ಮಾವ."

"ಅದ್ನೇ ಕಣವ್ವ ನಾನೂ ಹೇಳ್ತಿರದು."

ಮರುದಿನ ಬೆಳಿಗ್ಗೆ ನಾನು ಹೊರಗೆ ಬಂದರೆ ಮಾವ ಸ್ವೆಟರ್ ಹಾಕಿಕೊಂಡು ಕೈಯಲ್ಲಿ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆಫೀಸಿನ ಎದುರು ರಸ್ತೆಯಲ್ಲಿ ಹಿರಿಯರಿಗಾಗಿ ಒಂದು ಸೆಂಟರ್ ಇದೆ, ಅಲ್ಲಿ ನಮ್ಮ ಕಡೆಯ ನಾಲ್ಕೈದು ಜನ ಸೇರಿ ಇಸ್ಪೀಟು ಆಡುತ್ತಾರೆ, ಅಲ್ಲಿಗೆ ಬರುತ್ತೇನೆ ಅಂದರು. ಇಸ್ಪೀಟು ಎಂದರೆ ಅವರಿಗೆ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಾರು ಬಂದ ಕೂಡಲೇ ಹಿಂದಿನ ಸೀಟಿನ ನಟ್ಟನಡುವೆ ಕೂತು, ಮುಂದಿನ ಎರಡು ಸೀಟುಗಳ ಮಧ್ಯದಿಂದ ತಲೆ ಮುಂದಕ್ಕೆ ಚಾಚಿದರು.

ಸಹೋದ್ಯೋಗಿ ಮೆಲ್ಲಗೆ ಕೇಳಿದರು, "ಆ ಲೇನಿಗೆ ಇಬ್ಬರಿದ್ದರೆ ಸಾಕಲ್ಲವೇ?" (ಅವರೂ ನಾನೂ ಮಾತಾಡುವುದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ಹೌದು, ಸಾಕು."

"ಹಾಗಾದರೆ ಇವರು?"

"ಇವರು ಸೇಫ್ಟಿಗೆ" ಅಂದುಬಿಟ್ಟೆ. ಅವರು ತಮ್ಮ ಸೀಟ್‌ಬೆಲ್ಟನ್ನು ಇನ್ನೊಮ್ಮೆ ಎಳೆದು ನೋಡಿಕೊಂಡರು.

ಕೇಳಬಾರದ ಪ್ರಶ್ನೆ

ಈಗ ಚೀನಾ ಎಂದರೆ ಇಲ್ಲಿ ಯಾರಿಗೂ ನಂಬಿಕೆ ಇಲ್ಲ. ಡಬ್ಬಿ ಕೊಳ್ಳುವವರು ಮೊದಲು ಅದನ್ನು ತಿರುಗಿಸಿ ಕೆಳಗೆ ಎಲ್ಲಿ ತಯಾರಾದದ್ದು ಎಂದು ಓದುತ್ತಾರೆ, ಆಮೇಲೆ ಅದು ಏನು ಮಾಡುತ್ತದೆ ಎಂದು ಕೇಳುತ್ತಾರೆ. ಹಾಗಾಗಿ ನಮ್ಮ ಕಂಪನಿಯಲ್ಲಿ ಒಂದು ದಿನ ಎಲ್ಲರಿಗೂ ಸೆಕ್ಯುರಿಟಿ ತರಬೇತಿ ಇಟ್ಟರು.

ಪಾಠ ಮಾಡಲು ಬಂದವರು ಹೇಳಿದರು: "ಬೇರೆ ದೇಶದಿಂದ ಬಂದ ಸಹೋದ್ಯೋಗಿ ನಿಮ್ಮ ಕೆಲಸದ ಬಗ್ಗೆ ಪದೇ ಪದೇ ಪ್ರಶ್ನೆ ಕೇಳುತ್ತಿದ್ದರೆ ನಮಗೆ ತಿಳಿಸಿ."

ರೂಮಿನಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೆಚ್ಚುಕಡಿಮೆ ಎಲ್ಲರೂ ಬೇರೆ ದೇಶದವರೇ. ಟೆಸ್ಟಿಂಗ್ ಎಂದರೆ ಇಡೀ ದಿನ ಪ್ರಶ್ನೆ ಕೇಳುವ ಕೆಲಸವೇ. ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಪಾಠದವರು ಅವರ ಕಡೆ ಒಮ್ಮೆ ನೋಡಿದರು. ಅವರು ಪೆನ್ನು ಕೆಳಗಿಟ್ಟರು. ಕೆಳಗಿಟ್ಟಿದ್ದೇ ತಪ್ಪಾಗಿ ಕಾಣಬಹುದು ಅನ್ನಿಸಿತೋ ಏನೋ, ಮತ್ತೆ ಎತ್ತಿಕೊಂಡರು. ಆಮೇಲೆ ಕೊನೆಯವರೆಗೂ ಪೆನ್ನನ್ನು ಗಾಳಿಯಲ್ಲಿ ಹಿಡಿದುಕೊಂಡೇ ಕೂತಿದ್ದರು.

ಮಧ್ಯಾಹ್ನ ನನ್ನ ಟೇಬಲ್ ಹತ್ತಿರ ಬಂದು ನಿಂತರು, ಬಾಯಿ ತೆರೆದರು, ಹಾಗೇ ವಾಪಸ್ ಹೋದರು. ಐದು ನಿಮಿಷಕ್ಕೆ ಈಮೇಲ್ ಬಂತು: "ನಿಮ್ಮನ್ನು ಒಂದು ಪ್ರಶ್ನೆ ಕೇಳಬಹುದೇ ಎಂದು ಯಾರನ್ನು ಕೇಳಬೇಕು, ಗೊತ್ತೇ?"

ಸಂಜೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಅವರು ಡ್ಯಾಶ್‌ಬೋರ್ಡಿನ ಮೇಲೆ ಸಿಕ್ಕಿಸಿದ್ದ ಫೋನಿನ ಕಡೆ ಆಗಾಗ ನೋಡುತ್ತಿದ್ದರು. ಇಲ್ಲಿ ಸಂಜೆಯಾದರೆ ಅಲ್ಲಿ ಮರುದಿನದ ಬೆಳಿಗ್ಗೆ. ಅದೇ ಹೊತ್ತಿಗೆ ತಂಗಿ ಫೋನ್ ಮಾಡುತ್ತಿದ್ದಳಂತೆ. ಆದರೆ ಅದು ನನಗೆ ಆಗಿನ್ನೂ ಗೊತ್ತಿರಲಿಲ್ಲ. ನಮ್ಮ ಮನೆ ಮುಂದೆ ಕಾರು ನಿಂತಾಗ ಅವರಿಗೇ ಆ ಮೌನ ತಡೆಯಲಾಗಲಿಲ್ಲ.

"ನಿಮ್ಮ ದಿನ ಹೇಗಿತ್ತು?" ಅಂದರು. ಮರುಕ್ಷಣ, "ಉತ್ತರ ಹೇಳಲೇಬೇಕು ಅಂತಿಲ್ಲ" ಎಂದು ಸೇರಿಸಿದರು.

ಹಿಂದಿನಿಂದ ಮಾವ ಕೇಳಿದರು, "ಏನಂತೆ?"

"ದಿನ ಹೇಗಿತ್ತು ಅಂತ ಕೇಳಿದರು ಮಾವ."

"ಹೇಳಿಲ್ಲ ತಾನೆ?"

"ಇಲ್ಲ."

"ಒಳ್ಳೇದಾಯ್ತು."

ಯಾವ ಇಲಾಖೆ

ತರಬೇತಿ ನಮಗೆ ಮಾತ್ರ. ಮಾವನಿಗೆ ಪ್ರಶ್ನೆ ಕೇಳಬೇಡಿ ಅಂತ ಯಾರೂ ಹೇಳಿರಲಿಲ್ಲ. ಅವರಿಗೆ ಬರುವಷ್ಟು ಇಂಗ್ಲಿಷಿನಲ್ಲೇ ದಿನಕ್ಕೊಂದರಂತೆ ಕೇಳಿದರು. ಫಾದರ್ ನೇಮ್. ನೇಟಿವ್ ಪ್ಲೇಸ್. ಓನ್ ಹೌಸ್ ಆರ್ ರೆಂಟ್. ಸಹೋದ್ಯೋಗಿ ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. "ಬ್ರದರ್ಸ್? ಸಿಸ್ಟರ್ಸ್?" ಅಂದಾಗ ಮಾತ್ರ "ಒಬ್ಬಳು ತಂಗಿ" ಅಂದು ರೇಡಿಯೋ ಹಾಕಿದರು.

ಮರುದಿನ ಮಾವನಿಗೆ ಶೀತ. ನಾವಿಬ್ಬರೇ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಅವರು ಕೇಳಿದರು, "ನಿಮ್ಮ ಮಾವ ಭಾರತದಲ್ಲಿ ಯಾವ ಇಲಾಖೆಯಲ್ಲಿದ್ದರು?"

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೂ ಅದಕ್ಕೆ ವಿವರಣೆ ಕೊಡಲು ಹೋಗಿ ಸಿಕ್ಕಿಬೀಳುತ್ತೇನೆ. "ಪೊಲೀಸ್. ಗುಪ್ತವಾರ್ತೆ" ಅಂದೆ.

ನಾವು ಇಳಿಯಬೇಕಿದ್ದ ಎಕ್ಸಿಟ್ ಪಕ್ಕದಲ್ಲೇ ಹಾದುಹೋಯಿತು. ಅವರು ನೋಡಲೇ ಇಲ್ಲ. ಅದರ ಮುಂದಿನದೂ ಹೋಯಿತು. ಕೊನೆಗೆ ಎಲ್ಲೋ ಇಳಿದು, ಒಂದು ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ ಹೇಳಿದರು. ತಂಗಿಯ ಫೋನು ನಿಂತ ಮೇಲೆ ಅವರ ಊರಿನಿಂದ ಯಾರೋ ಗುರುತಿಲ್ಲದವರು, ಪೊಲೀಸರೇ ಇರಬೇಕು, ಫೋನ್ ಮಾಡಿ ಇವೇ ಪ್ರಶ್ನೆಗಳನ್ನು ಕೇಳಿದ್ದರಂತೆ. ತಂದೆ ಹೆಸರು, ಊರು, ಮನೆ ಸ್ವಂತದ್ದೋ ಬಾಡಿಗೆಯದೋ, ಒಡಹುಟ್ಟಿದವರು. ಒಂದೂ ಹಿಂದುಮುಂದಾಗದೆ ಇದೇ ಕ್ರಮದಲ್ಲಿ. ಹಾಗಾಗಿ ನಮ್ಮ ಮಾವನನ್ನು ಯಾರೋ ಬೇಕೆಂದೇ ತಮ್ಮ ಕಾರಿನಲ್ಲಿ ಕೂರಿಸಿದ್ದಾರೆ ಎಂದು ಅವರು ನಂಬಿಕೊಂಡಿದ್ದರು.

ತಂಗಿಯ ಕಥೆ ಆಗ ಗೊತ್ತಾಯಿತು. ಅವಳು ತಮ್ಮೂರಿನಲ್ಲಿ ಒಂದು ಫ್ಲಾಟಿಗೆ ದುಡ್ಡು ಕಟ್ಟಿದ್ದಳು. ಬಿಲ್ಡರ್ ಅರ್ಧ ಕಟ್ಟಿ ಕೈಬಿಟ್ಟ. ಬಾಡಿಗೆ ಮತ್ತು ಸಾಲ ಎರಡನ್ನೂ ಕಟ್ಟಲಾಗದೆ ಅವಳೂ ಅವಳಂಥ ಹಲವರೂ ಆ ಅರೆಬರೆ ಕಟ್ಟಡಕ್ಕೇ ಹೋಗಿ ಇರತೊಡಗಿದರು. ಕಿಟಕಿಗೆ ಗಾಜಿಲ್ಲ, ಲಿಫ್ಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಇವಳದು ಒಂಬತ್ತನೇ ಮಹಡಿ. ನೀರು ಹೊತ್ತುಕೊಂಡು ಹತ್ತಬೇಕು. ಒಂದು ಬೆಳಿಗ್ಗೆ ಎಲ್ಲರೂ ಸೇರಿ ಸರ್ಕಾರಿ ಕಚೇರಿಯ ಮುಂದೆ ಕೂತರು. ಇವಳ ಕೈಯಲ್ಲಿ ತನ್ನ ಫ್ಲಾಟಿನ ನಂಬರ್ ಬರೆದ ಒಂದು ರಟ್ಟು ಇತ್ತು, ಅಷ್ಟೆ. ಯಾರೋ ಅದನ್ನು ವಿಡಿಯೋ ಮಾಡಿ ಹಾಕಿದರು. ಸಂಜೆಯೊಳಗೆ ಆ ವಿಡಿಯೋ ಮಾಯವಾಯಿತು. ಅವತ್ತಿನಿಂದ ತಂಗಿಯ ಫೋನೂ ಇಲ್ಲ. ತಂದೆ ತಾಯಿ ತೀರಿಕೊಂಡಿದ್ದಾರೆ. ಊರಿನಲ್ಲಿರುವ ಒಬ್ಬ ನೆಂಟನನ್ನು ಕೇಳಿದರೆ, "ಫೋನಿನಲ್ಲಿ ಇದನ್ನೆಲ್ಲ ಕೇಳಬೇಡ" ಅಂದು ಇಟ್ಟುಬಿಟ್ಟನಂತೆ.

ನಮ್ಮ ಮಾವನನ್ನು ಯಾರೂ ಕೂರಿಸಿಲ್ಲ, ಅವರೇ ಬಂದು ಕೂತದ್ದು ಎಂದು ನಂಬಿಸಲು ನನಗೆ ಆಫೀಸು ತಲುಪುವವರೆಗೂ ಬೇಕಾಯಿತು.

ರಾತ್ರಿ ಊಟಕ್ಕೆ ಕೂತಾಗ ಮಾವನಿಗೆ ಎಲ್ಲ ಹೇಳಿದೆ. ಅವರು ತಲೆ ತಗ್ಗಿಸಿಕೊಂಡು ಕೇಳಿದರು.

"ಸೈಟು ತೋರ್ಸಿ ಟೋಪಿ ಹಾಕೋರು ಅಲ್ಲೂ ಅವ್ರಾ?" ಅಂದರು. ಆಮೇಲೆ, "ಘೋಷಣೆ ಗೀಷಣೆ ಕೂಗಿದ್ರಂತಾ?"

"ಇಲ್ಲ ಮಾವ, ಸುಮ್ಮನೆ ಕೂತಿದ್ದರಂತೆ."

"ಅದೇ ಕಣವ್ವ ತಪ್ಪಾಗಿರೋದು. ಕೂಗೋರ್ ಗಂಟ್ಲು ಸಾಯಂಕಾಲಕ್ಕೆ ಕಟ್ಟೋಯ್ತದೆ, ಮೇಲಿನೋರು ಕಾಯ್ತಾ ಕೂತಿರ್ತಾರೆ. ಸುಮ್ನೆ ಕೂತೋರ್ನ ಕಂಡ್ರೆ ಅವ್ರಿಗೆ ಭಯ." ಸ್ವಲ್ಪ ಹೊತ್ತು ಅನ್ನ ಕಲಸುತ್ತಾ ಇದ್ದರು. ಅವರಿಗೂ ಮನಸ್ಸಿಗೆ ತಟ್ಟಿದೆ ಅಂದುಕೊಂಡೆ. ಆಮೇಲೆ ತಲೆ ಎತ್ತಿ ಕೇಳಿದರು: "ಅಲ್ಲಿಯೋರೂ ನನ್ ಥರಾನೇ ಫಾದರ್ ನೇಮಿಂದಲೇ ಶುರು ಮಾಡ್ತಾರಂತಾ?"

"ಹೌದಂತೆ ಮಾವ."

"ನಮ್ ಟ್ರೈನಿಂಗು ಚೆನ್ನಾಗೇ ಇತ್ತು ಹಂಗಾದ್ರೆ."

ಎರಡು ಫೋನು

ಸಹೋದ್ಯೋಗಿಯ ಹತ್ತಿರ ಎರಡು ಫೋನುಗಳಿದ್ದವು. ಒಂದು ಅಮೆರಿಕಕ್ಕೆ, ಒಂದು ಚೀನಾಕ್ಕೆ. ಚೀನಾದವರ ಜೊತೆ ಮಾತಾಡಬೇಕೆಂದರೆ ಚೀನಾದ ಆ್ಯಪ್ ಬೇಕು, ಬೇರೆ ಆ್ಯಪ್‌ಗಳು ಅಲ್ಲಿ ನಡೆಯುವುದಿಲ್ಲ. ಆ ಆ್ಯಪ್ ಇರುವ ಫೋನು ಆಫೀಸಿನ ಒಳಗೆ ಬರಬಾರದು ಎಂದು ತರಬೇತಿಯ ಮರುವಾರ ಹೊಸ ನಿಯಮ ಬಂತು. ಹಾಗಾಗಿ ಅವರು ಅದನ್ನು ಕಾರಿನ ಗ್ಲವ್ ಬಾಕ್ಸಿನಲ್ಲಿ ಇಟ್ಟು ಹೋಗುತ್ತಿದ್ದರು. ಮಧ್ಯಾಹ್ನ ಊಟ ಬಿಟ್ಟು ಪಾರ್ಕಿಂಗ್ ಲಾಟಿಗೆ ಬಂದು ಅದನ್ನು ತೆಗೆದು ನೋಡುತ್ತಿದ್ದರು. ಏನೂ ಇರುತ್ತಿರಲಿಲ್ಲ. ಮತ್ತೆ ಒಳಗಿಟ್ಟು ಹೋಗುತ್ತಿದ್ದರು.

ಇದನ್ನು ಸೆಂಟರಿನ ಕಿಟಕಿಯಿಂದ ಮಾವ ದಿನಾ ಗಮನಿಸಿದ್ದರು. ಒಂದು ಬೆಳಿಗ್ಗೆ ಕಾರಿನಿಂದ ಇಳಿಯುವಾಗ ಕೈ ಚಾಚಿದರು. "ಕೊಡಕ್ಕೇಳು. ನಾನ್ ಇಟ್ಕಂಡಿರ್ತೀನಿ. ಆ ಹೆಣ್ಮಗಾ ಫೋನ್ ಮಾಡಿ, ಯಾರೂ ಎತ್ತದೆ, ಕಾರಲ್ಲಿ ಬಡ್ಕೋತಾ ಇದ್ರೆ ಏನ್ ಚೆಂದ?"

ಸಹೋದ್ಯೋಗಿ ನನ್ನ ಮುಖ ನೋಡಿದರು. ನಾನು ಮಾವನ ಮುಖ ನೋಡಿದೆ. ಕೊನೆಗೆ ಕೊಟ್ಟರು. ರಿಂಗಾದರೆ ಹಸಿರು ಒತ್ತಬೇಕು, "ವೆಯ್ಟ್" ಅನ್ನಬೇಕು, ತಮ್ಮ ಫೋನಿನಿಂದ ನನಗೆ ಮಾಡಬೇಕು ಎಂದು ನಾನು ಮೂರು ಸಲ ಹೇಳಿಕೊಟ್ಟೆ. ಅವರಿಗೆ ಒಂದೇ ಸಲ ಸಾಕಿತ್ತು.

ಕಷ್ಟ ಆದದ್ದು ಇಸ್ಪೀಟಿನವರ ಹತ್ತಿರ. ಚೀನಾದ ಫೋನು ಪಕ್ಕದಲ್ಲಿದ್ದರೆ ನಾವಾಡುವ ಮಾತೆಲ್ಲ ಬೀಜಿಂಗಿಗೆ ಹೋಗುತ್ತದೆ ಎಂದು ಅಷ್ಟು ದಿನ ಅವರಿಗೆಲ್ಲ ಭಾಷಣ ಮಾಡಿದ್ದು ಮಾವನೇ. ಈಗ ಮಾವನ ಸ್ವೆಟರ್ ಜೇಬಿನಲ್ಲೇ ಅದು ಇತ್ತು. ಒಬ್ಬರು ಅದನ್ನು ಮೈಕ್ರೋವೇವ್ ಒಳಗಿಡಿ, ಸಿಗ್ನಲ್ ಬರಲ್ಲ ಅಂದರು. "ಸಿಗ್ನಲ್ ಬರ್ದಿದ್ರೆ ಫೋನ್ ಹೆಂಗಪ್ಪಾ ಬತ್ತದೆ?" ಅಂದು ಮಾವ ಎದ್ದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಅವತ್ತಿನಿಂದ ಅವರ ಜಾಗ ಅದೇ ಆಯಿತು. ಚಳಿಗಾಳಿಯಲ್ಲಿ, ಮೊಣಕಾಲ ಮೇಲೆ ಫೋನು ಇಟ್ಟುಕೊಂಡು, ಒಬ್ಬರೇ. ಒಳಗಿನವರು ಕಿಟಕಿಯ ಹತ್ತಿರ ಬಂದಾಗಲೆಲ್ಲ ದನಿ ತಗ್ಗಿಸುತ್ತಿದ್ದರಂತೆ.

ಒಂದು ದಿನ ಅದು ರಿಂಗಾಯಿತು. ಮಾವ ನನಗೆ ಮಾಡಿದರು. ನಾನು ಮೀಟಿಂಗ್ ರೂಮಿನ ಬಾಗಿಲು ತೆರೆದು ಸಹೋದ್ಯೋಗಿಗೆ ಸನ್ನೆ ಮಾಡಿದೆ. ಅವರು ಅರ್ಧ ವಾಕ್ಯ ಬಿಟ್ಟು ಎದ್ದು ಮೆಟ್ಟಿಲಿಳಿದು ರಸ್ತೆ ದಾಟಿ ಓಡಿದರು. ನಾನು ಹಿಂದೆ. ಬೆಂಚಿನ ಮೇಲೆ ಮಾವ ಫೋನಿಗೆ, "ನೇಟಿವ್ ಪ್ಲೇಸ್? ಫಸ್ಟ್ ಟೆಲ್ ನೇಟಿವ್ ಪ್ಲೇಸ್" ಅನ್ನುತ್ತಿದ್ದರು.

ಸಹೋದ್ಯೋಗಿ ಫೋನ್ ಕಿವಿಗಿಟ್ಟುಕೊಂಡರು. ಸ್ವಲ್ಪ ಕೇಳಿದರು. ಮುಖ ಇಳಿಯಿತು. ಕಟ್ ಮಾಡಿದರು. ಮೋಸಗಾರರ ಫೋನು. ನಾವು ಚೀನಾ ಸರ್ಕಾರದವರು, ನಿಮ್ಮ ಹೆಸರಿನ ಪಾರ್ಸೆಲ್ ಸಿಕ್ಕಿಬಿದ್ದಿದೆ, ಬ್ಯಾಂಕ್ ನಂಬರ್ ಹೇಳಿ ಎಂದು ಹೆದರಿಸುವವರು. ಇಲ್ಲಿರುವ ಚೀನೀಯರಿಗೆ ಇಂಥವು ಬರುತ್ತಲೇ ಇರುತ್ತವಂತೆ.

ಅವರು ಬೆಂಚಿನ ಮೇಲೆ ಕೂತರು. ಮೀಟಿಂಗಿಗೆ ವಾಪಸ್ ಹೋಗಲಿಲ್ಲ. ನಾನು ಮಾವನಿಗೆ ವಿಷಯ ತಿಳಿಸಿದೆ. ಮಾವ ಊಟದ ಡಬ್ಬಿ ತೆಗೆದು ಚಿತ್ರಾನ್ನವನ್ನು ಅವರ ಮುಂದೆ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು:

"ಹೆದ್ರಿಸಕ್ಕೆ ಮಾಡಿದ್ನಾ ಅವ್ನು? ನೇಟಿವ್ ಪ್ಲೇಸ್ ಕೇಳ್ದೇಟ್ಗೆ ಅವ್ನೇ ನಡುಗ್ತಾ ಇದ್ದ ಕಣವ್ವ."

ಗುಡಿಸುವ ಯಂತ್ರ

ಆ ಶನಿವಾರ ಸಹೋದ್ಯೋಗಿ ಚಿತ್ರಾನ್ನದ ಡಬ್ಬಿ ವಾಪಸ್ ಕೊಡಲು ಮನೆಗೆ ಬಂದರು. ತೊಳೆದ ಡಬ್ಬಿಯಲ್ಲಿ ಕಿತ್ತಳೆ ಹಣ್ಣು ತುಂಬಿಕೊಂಡು ಬಂದಿದ್ದರು. ಮಾವ ಕೈ ಹಿಡಿದು ಊಟಕ್ಕೆ ಕೂರಿಸಿಬಿಟ್ಟರು. ಅವತ್ತೇ ಲಾಸ್ ಆಲ್ಟೋಸ್‌ನಿಂದ ನನ್ನ ಗಂಡನ ಸ್ನೇಹಿತರೊಬ್ಬರು ಬಂದಿದ್ದರು. ಹಾಸನದವರು, ದೊಡ್ಡ ಕಂಪನಿಯಲ್ಲಿ ದೊಡ್ಡ ಕೆಲಸ. ಪಕ್ಕದಲ್ಲಿ ಕೂತವರು ಯಾರು ಎಂದು ನಾನು ಹೇಳುವಷ್ಟರಲ್ಲಿ ಅವರು ಇಂಗ್ಲಿಷಿನಲ್ಲಿ ಮಾತು ಶುರು ಮಾಡಿಬಿಟ್ಟಿದ್ದರು.

ಚೀನಾ ಎಲ್ಲೆಲ್ಲಿ ಬಂದರು ಕಟ್ಟಿಸುತ್ತಿದೆ, ಯಾವ ಯಾವ ದೇಶಕ್ಕೆ ಸಾಲ ಕೊಟ್ಟಿದೆ, ಹೇಗೆ ನಮ್ಮ ಮನೆಯೊಳಗೇ ಬಂದು ಕೂತಿದೆ ಎಂದೆಲ್ಲ ಹೇಳಿದರು. ಅವರ ಮನೆಯಲ್ಲಿ ತಾನಾಗಿಯೇ ಓಡಾಡಿ ಕಸ ಗುಡಿಸುವ ಒಂದು ಯಂತ್ರ ಇತ್ತಂತೆ. ಅದು ಮನೆಯ ನಕ್ಷೆ ಬರೆದು ಚೀನಾಕ್ಕೆ ಕಳಿಸುತ್ತದೆ ಎಂದು ಓದಿದ ಮೇಲೆ ಅದನ್ನು ಎಸೆದುಬಿಟ್ಟರಂತೆ.

"ಅವರು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಾರೆ," ಅಂದರು. "ಪ್ರಪಂಚದಲ್ಲಿ ಯಾರು ಎಲ್ಲಿ ಏನು ಮಾತಾಡಿದರೂ."

ಅಷ್ಟು ಹೊತ್ತು ಮುದ್ದೆಯನ್ನು ಅಗಿಯದೆ ನುಂಗುವುದು ಹೇಗೆ ಎಂದು ಮಾವನ ಹತ್ತಿರ ಕಲಿಯುತ್ತಿದ್ದ ಸಹೋದ್ಯೋಗಿ ತಲೆ ಎತ್ತಿದರು. "ನಾನು ಚೀನಾದವನು," ಅಂದರು. "ನೀವು ಹೇಳಿದ್ದರಲ್ಲಿ ತುಂಬ ನಿಜ. ನಾನೂ ಅವರನ್ನು ನಂಬುವುದಿಲ್ಲ. ಆದರೆ ಅವರು ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರಾಗಿದ್ದರೆ ನನ್ನ ತಂಗಿ ಹೋಗಿ ಬೀದಿಯಲ್ಲಿ ಕೂರಬೇಕಾಗಿರಲಿಲ್ಲ."

ಸ್ನೇಹಿತರ ಕೈ ತಟ್ಟೆಯಲ್ಲೇ ನಿಂತಿತು. ನಾನು ಯಾರಿಗೂ ಬೇಡದ ಸಾರನ್ನು ಎಲ್ಲರಿಗೂ ಬಡಿಸಿದೆ. ಏನಾಯಿತು ಎಂದು ಮಾವ ಕೇಳಿದರು, ಹೇಳಿದೆ. ಮಾವ ಸ್ನೇಹಿತರ ಕಡೆ ತಿರುಗಿದರು.

"ಅಲ್ಲಪ್ಪಾ, ಆ ಗುಡಿಸೋ ಮೆಷೀನ್ ಎಸೆದ್ಬುಟ್ಟೆ ಅಂದ್ಯಲ್ಲ, ಈಗ ಮನೆ ಯಾರ್ ಗುಡಿಸ್ತಾರೆ?"

"ನಾನೇ, ಅಂಕಲ್."

"ಗೆದ್ದಂಗೇ ಬುಡು ಚೀನಾದೋರು."

ಹಿಂದೆ ಕೂತವರು

ಫೋನು ಬಂದದ್ದು ಯಾರೂ ನಿರೀಕ್ಷಿಸದ ಒಂದು ಸಂಜೆ. ನಿರೀಕ್ಷಿಸದ ಅಂದರೆ ತಪ್ಪಾಗುತ್ತದೆ. ನಿರೀಕ್ಷಿಸಿ ನಿರೀಕ್ಷಿಸಿ ಸಾಕಾಗಿದ್ದ ಸಂಜೆ. ಸಹೋದ್ಯೋಗಿ ಡ್ಯಾಶ್‌ಬೋರ್ಡಿನ ಕಡೆ ನೋಡುವುದನ್ನೇ ಬಿಟ್ಟಿದ್ದರು. ಮಾವ ಮಾತ್ರ ಹಿಂದಿನ ಸೀಟಿನ ನಡುವಿನಿಂದ ಅದರ ಮೇಲೆ ಕಣ್ಣಿಟ್ಟಿದ್ದರು.

"ಬಂತು," ಅಂದರು.

ವಿಡಿಯೋ ಕಾಲ್. ಕಾರು ಓಡಿಸುತ್ತಾ ಅದನ್ನು ಎತ್ತುವ ಹಾಗಿಲ್ಲ. ಸಹೋದ್ಯೋಗಿ ಅಡ್ಡಡ್ಡ ನಾಲ್ಕು ಲೇನ್ ದಾಟಿ ಎಕ್ಸಿಟ್ ತೆಗೆದುಕೊಂಡರು. ಎಷ್ಟು ಕಾರುಗಳು ಹಾರ್ನ್ ಮಾಡಿದವೋ ಗೊತ್ತಿಲ್ಲ. ಅಷ್ಟರಲ್ಲಿ ರಿಂಗು ನಿಂತಿತು. ಒಂದು ಗ್ರೋಸರಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿ ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಮತ್ತೆ ರಿಂಗಾಯಿತು.

ಅವರು ಮಾತಾಡಿದ್ದು ಚೀನೀ ಭಾಷೆಯಲ್ಲಿ. ನಡುನಡುವೆ ನಮಗೆ ಇಂಗ್ಲಿಷಿನಲ್ಲಿ ತಿಳಿಸಿದರು, ಉಳಿದದ್ದನ್ನು ಆಮೇಲೆ ಹೇಳಿದರು. ಓದುವವರಿಗೆ ಸುಲಭವಾಗಲಿ ಎಂದು ಆಗಲೇ ಎಲ್ಲ ಅರ್ಥವಾದ ಹಾಗೆ ಬರೆಯುತ್ತೇನೆ.

ತಂಗಿ ತೆಳ್ಳಗಾಗಿದ್ದಳು. ಕೂದಲು ಗಿಡ್ಡ ಮಾಡಿದ್ದರು. ಹಿಂದೆ ಸುಣ್ಣ ಬಳಿಯದ ಗೋಡೆ. ಗೋಡೆಯ ಪಕ್ಕ ಒಂದು ಗಿಡ್ಡ ಸ್ಟೂಲಿನ ಮೇಲೆ ತೋಳಿಗೆ ಸ್ವಯಂಸೇವಕರ ಥರದ ಕೆಂಪು ಪಟ್ಟಿ ಕಟ್ಟಿಕೊಂಡ ಒಬ್ಬ ಹೆಂಗಸು ಕೂತು, ತಂಗಿಯ ಬೆನ್ನನ್ನೇ ನೋಡುತ್ತಿದ್ದಳು.

"ನಾನು ಚೆನ್ನಾಗಿದ್ದೇನೆ," ಅಂದಳು ತಂಗಿ. "ಸ್ವಲ್ಪ ದಿನ ವಿಶ್ರಾಂತಿಯಲ್ಲಿದ್ದೆ. ಈಗ ಮನೆಗೆ ಬಂದಿದ್ದೇನೆ. ಕಟ್ಟಡದ ವಿಷಯ ಸರ್ಕಾರ ನೋಡಿಕೊಳ್ಳುತ್ತಿದೆ. ನೀನು ಚಿಂತೆ ಮಾಡಬೇಡ. ಪರದೇಶದಲ್ಲಿ ಗುರುತಿಲ್ಲದವರ ಹತ್ತಿರ ನಮ್ಮ ವಿಷಯ ಮಾತಾಡಬೇಡ." ಓದಿ ಒಪ್ಪಿಸಿದ ಹಾಗಿತ್ತು. ಅಣ್ಣ "ಹೂಂ, ಹೂಂ" ಅನ್ನುತ್ತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಒಂಚೂರೂ ಅಲುಗಲಿಲ್ಲ. ದೂರದಲ್ಲಿ ತಂಗಿಯ ಹಿಂದೆ ಕೂತವಳಿಗೆ ದನಿಯಿಂದ ಅಳು ಗೊತ್ತಾಗಬಾರದು, ಅದಕ್ಕೆ.

ಮಾವ ನನ್ನ ಕಿವಿಯ ಹತ್ತಿರ ಅಂದರು, "ಆಯಮ್ಮ ಪೊಲೀಸ್ನೋಳಲ್ಲ. ಬಡಾವಣೆ ಕಮಿಟಿಯೋಳಿರ್ಬೇಕು."

"ಹೇಗೆ ಹೇಳ್ತೀರಿ ಮಾವ?"

"ಪೊಲೀಸ್ನೋಳಾಗಿದ್ರೆ ಕುರ್ಚಿ ಇಸ್ಕಂಡಿರ್ತಿದ್ಲು."

ಸರಿಯಾಗಿ ನೋಡಲು ಮಾವ ಇನ್ನಷ್ಟು ಮುಂದೆ ಬಗ್ಗಿದರು. ಈಗ ಅವರ ಮುಖ ಸಹೋದ್ಯೋಗಿಯ ಭುಜದ ಹಿಂದೆ ಪರದೆಯಲ್ಲಿ ಬಂತು. ಕರೀ ಸ್ವೆಟರ್, ಪೊದೆ ಹುಬ್ಬು, ಕಣ್ಣು ಮಿಟುಕಿಸದ ನೋಟ. ತಂಗಿ ಮಾತು ನಿಲ್ಲಿಸಿದಳು.

"ಅಣ್ಣಾ, ನಿನ್ನ ಹಿಂದೆ ಯಾರದು?"

"ಜೊತೆಯಲ್ಲಿ ಕೆಲಸ ಮಾಡುವವರ ಮಾವ."

"ಏನು ಮಾಡುತ್ತಿದ್ದಾರೆ?"

ಅಣ್ಣ ತಿರುಗಿ ಮಾವನನ್ನು ನೋಡಿದರು. "ಕೂತಿದ್ದಾರೆ," ಅಂದರು.

ತಂಗಿ ಓದಿ ಒಪ್ಪಿಸುವ ದನಿ ಬಿಟ್ಟು ತನ್ನದೇ ದನಿಯಲ್ಲಿ ಕೇಳಿದಳು: "ನಿನಗೂ ಒಬ್ಬರನ್ನು ಕೂರಿಸಿದ್ದಾರಾ?"

ಸಹೋದ್ಯೋಗಿ ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ನಗುತ್ತಲೇ ನಮಗೆ ಹೇಳಿದರು. ನಾನು ಮಾವನಿಗೆ ಹೇಳಿದೆ. ಮಾವನಿಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ. "ಹೂಂ ಅನ್ನಕ್ಕೇಳು," ಅಂದರು. "ಯಾರೂ ಕೂರ್ಸಿಲ್ಲ, ರಿಟೈರಾದ್ಮೇಲೂ ಚಟ ಬುಡ್ದೆ ತಾನೇ ಬಂದು ಕೂತವ್ನೆ ಅನ್ನಕ್ಕೇಳು."

ಅದು ಇಂಗ್ಲಿಷಾಗಿ, ಚೀನೀಯಾಗಿ ತಲುಪಿದಾಗ ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಭುಜ ಕುಲುಕುತ್ತಿತ್ತು. ಹಿಂದಿನ ಹೆಂಗಸು ಅನುಮಾನ ಬಂದು ಎದ್ದು ಬಂದಳು. ಬಗ್ಗಿ ಪರದೆಯೊಳಗೆ ನೋಡಿದಳು. ಮಾವನೂ ಅವಳನ್ನು ನೋಡಿದರು. ಆಮೇಲೆ ಅದೇನು ತೋಚಿತೋ, ಕೈ ಮುಗಿದರು. ಅವಳು ಗಲಿಬಿಲಿಯಾಗಿ ಅರ್ಧ ತಲೆ ಬಾಗಿಸಿದಳು. ತಂಗಿಯನ್ನು ಏನೋ ಕೇಳಿದಳು, ತಂಗಿ ಹೇಳಿದಳು. ಅವಳು ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಒಂದೆರಡು ಮಾತು ಆಡಿ, ಹೋಗಿ ಮತ್ತೆ ಅದೇ ಸ್ಟೂಲಿನ ಮೇಲೆ ಕೂತಳು.

ಸಹೋದ್ಯೋಗಿಯ ನಗು ನಿಂತಿತು.

"ಏನಂತೆ?" ಅಂದೆ.

"ಆಕೆಯದೂ ಅದೇ ಕಟ್ಟಡದಲ್ಲಿ ಒಂದು ಫ್ಲಾಟ್ ಇದೆಯಂತೆ. ನನ್ನ ತಂಗಿಗಿಂತ ಎರಡು ಮಹಡಿ ಮೇಲೆ."

ಮಾವನಿಗೆ ಹೇಳಿದೆ. ಅವರು ಪರದೆಯಲ್ಲಿ ಆ ಹೆಂಗಸನ್ನೂ ಅವಳ ಬೆನ್ನ ಹಿಂದಿನ ಗೋಡೆಯನ್ನೂ ತುಂಬ ಹೊತ್ತು ನೋಡಿದರು.

"ಹಂಗಾದ್ರೆ ಆಯಮ್ಮನ ಹಿಂದೆ ಯಾರ್ನ ಕೂರ್ಸವ್ರೆ, ಕೇಳವ್ವ," ಅಂದರು.